ಗುರುದೇವಿಯ ಬೋಣಿ

ಲಂಡನ್ನಿನ ಕೆಂಟನ್ನಿನಲ್ಲಿ ನಮ್ಮ ಬೀದಿಯ ಮೂಲೆಗಿರುವ ಅಂಗಡಿಯ ಬೋರ್ಡಿನ ಮೇಲೆ ಏನೇ ಬರೆದಿರಲಿ, ನಮಗೆಲ್ಲ ಅದು ಗುರುದೇವಿ ಅಂಗಡಿ. ಮುಂದುಗಡೆ ಕರಿಬೇವು, ಬದನೆಕಾಯಿ, ಹಾಲು, ನ್ಯೂಸ್ ಪೇಪರು. ಗಲ್ಲಾದ ಹಿಂದೆ ಗೋಡೆ ತುಂಬ ಬಾಟಲಿಗಳು. ಇಂಥ ಅಂಗಡಿಗೆ ಇಲ್ಲಿ ಆಫ್ ಲೈಸೆನ್ಸ್ ಅನ್ನುತ್ತಾರೆ. ಹೆಂಡ ಕೊಂಡು ಮನೆಗೆ ಒಯ್ಯಬಹುದು, ಅಲ್ಲೇ ನಿಂತು ಕುಡಿಯುವಂತಿಲ್ಲ. ಆ ಬಾಟಲಿಗಳ ಮುಂದೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಕೊರಳಲ್ಲಿ ಲಿಂಗ ಧರಿಸಿ, ಸೀರೆಯ ಮೇಲೆ ದಪ್ಪನೆಯ ಕಾರ್ಡಿಗನ್ ಹಾಕಿಕೊಂಡು ನಿಂತಿರುತ್ತಿದ್ದವಳೇ ಗುರುದೇವಿ. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. ನಾನು ವತ್ಸಲಾ, ಮೈಸೂರಿನವಳು, ಬಾಯಿಗೆ ಬೀಗ ಹಾಕಿ ಅಭ್ಯಾಸವಿಲ್ಲ. ಅಯ್ಯನವರ ಮನೆಯವಳು ಹೆಂಡ ಮಾರುತ್ತಾ ನಿಂತಿದ್ದೀಯಲ್ಲಮ್ಮ ಎಂದು ಕೇಳಿಯೇಬಿಟ್ಟೆ. ಅವಳು ಸಿಟ್ಟಾಗಲಿಲ್ಲ.

"ಮಾರಾಕ ಪರವಾನಗಿ ಐತ್ರಿ ಅಕ್ಕಾರ, ಕುಡಿಯಾಕ ಇಲ್ಲ" ಎಂದಳು.

ಅವತ್ತಿನಿಂದ ನಾನು ಅವಳ ಖಾಯಂ ಗಿರಾಕಿ. ಕರಿಬೇವಿಗೆಂದು ಹೋದವಳು ಒಂದು ಗಂಟೆ ಹರಟಿ ಕರಿಬೇವು ಮರೆತು ಬರುತ್ತಿದ್ದೆ.

ಅವಳ ತವರು ವಿಜಯಪುರದ ಇಂಡಿ ಕಡೆಯ ಒಂದು ಹಳ್ಳಿ. ಅಪ್ಪ ಮಠದಲ್ಲಿ ಪೂಜೆ ಮಾಡುತ್ತಿದ್ದವರು. ಆ ಮನೆಯಲ್ಲಿ ಹೆಂಡ ಎನ್ನುವ ಶಬ್ದ ಯಾರ ಬಾಯಿಂದಾದರೂ ಬಂದರೆ ಎದ್ದುಹೋಗಿ ಬಾಯಿ ಮುಕ್ಕಳಿಸಬೇಕಾಗಿತ್ತಂತೆ. ಮದುವೆಯಾಗಿ ಗಂಡ ಕಲ್ಲಯ್ಯನವರ ಜೊತೆ ಲಂಡನ್ನಿಗೆ ಬಂದಳು. ಅವರಾಗ ವಿಮಾನಗಳಿಗೆ ಊಟ ತಯಾರಿಸುವ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ಭಾರ ಎತ್ತಿ ಎತ್ತಿ ಸೊಂಟ ಹಿಡಿದುಕೊಂಡಿತು. ಆಗ ಈ ಅಂಗಡಿ ನಡೆಸುತ್ತಿದ್ದ ಗುಜರಾತಿ ಮುದುಕರೊಬ್ಬರು ಸಾಕಾಯಿತು ಎಂದು ಬಿಟ್ಟುಕೊಟ್ಟರು, ಇವರು ಹಿಡಿದರು. ಅಂಗಡಿಯ ಮೇಲೇ ಮನೆ. ಹೆಂಡ ಮಾರಬೇಕಾದರೆ ಕೋರ್ಸು ಮಾಡಿ ಪರೀಕ್ಷೆ ಪಾಸಾದವರ ಹೆಸರಿನಲ್ಲಿ ಲೈಸೆನ್ಸ್ ಇರಬೇಕು. ಕಲ್ಲಯ್ಯನವರು ಕೂತರು, ಫೇಲಾದರು. ಇನ್ನೊಮ್ಮೆ ಕೂತರು, ಮತ್ತೆ ಫೇಲಾದರು. ಕೊನೆಗೆ ಪುಸ್ತಕವನ್ನು ಹೆಂಡತಿಯ ಮುಂದಿಟ್ಟು, ನೀನೇ ನೋಡು ಎಂದರು. ಅವಳು ರೊಟ್ಟಿ ಬಡಿಯುತ್ತ ಓದಿ ಪಾಸಾದಳು. ಹೀಗೆ ಒಂದು ಹನಿ ಮುಟ್ಟದವಳ ಹೆಸರು ಲೈಸೆನ್ಸಿನ ಮೇಲೆ ಬಂತು. ಮೊದಮೊದಲು ಬಾಟಲಿಯನ್ನು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಹಿಡಿಯುತ್ತಿದ್ದಳಂತೆ. ಆಮೇಲೆ ಅದೂ ಹೋಯಿತು. ಹೊಟ್ಟೆಪಾಡು ಎಂಥವರ ಮಡಿಯನ್ನೂ ಬಿಡಿಸುತ್ತದೆ.

ಆದರೆ ಕೆಲಸದಲ್ಲಿ ಅವಳು ಗಟ್ಟಿ. ಆಗಲೇ ಕುಡಿದು ಅಮಲೇರಿದವರಿಗೆ ಮತ್ತೆ ಮಾರುವುದು ಈ ದೇಶದಲ್ಲಿ ಅಪರಾಧ, ಕೋರ್ಸಿನಲ್ಲಿ ಅವಳಿಗೆ ಕಲಿಸಿದ ಮೊದಲ ಪಾಠಗಳಲ್ಲಿ ಅದೂ ಒಂದು. ಸಂಜೆ ಹೊತ್ತು ತೂರಾಡುತ್ತ ಬಂದ ಆರಡಿ ಆಳುಗಳನ್ನು, "ನೋ ಡಾರ್ಲಿಂಗ್, ಟುಮಾರೋ" ಎಂದು ತೋಳು ಹಿಡಿದು ಬಾಗಿಲ ತನಕ ಬಿಟ್ಟುಬರುತ್ತಿದ್ದಳು. ಬೈದರೆ ಬೈಸಿಕೊಳ್ಳುತ್ತಿದ್ದಳು, ಬಾಟಲಿ ಮಾತ್ರ ಕೊಡುತ್ತಿರಲಿಲ್ಲ. ಕಣ್ಣಾರೆ ಕಂಡಿದ್ದೇನೆ.

ಅವಳ ಕೋರ್ಸಿನ ಪುಸ್ತಕದಲ್ಲಿ ಇಲ್ಲದ್ದು ಒಂದೇ, ಬೋಣಿ. ಬೆಳಗ್ಗೆ ಬಾಗಿಲು ತೆರೆದ ಮೇಲಿನ ಮೊದಲ ವ್ಯಾಪಾರ. ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ಲಕ್ಷ್ಮಿಯನ್ನೇ ಹೊಸಿಲು ದಾಟಿಸಿದ ಹಾಗೆ ಎಂದು ನಮ್ಮ ಕಡೆಯ ಅಂಗಡಿಯವರು ಯಾರೂ ಕಳಿಸುವುದಿಲ್ಲ. ಗುರುದೇವಿಯದು ಇನ್ನೂ ಒಂದು ಕೈ ಮೇಲು. ಒಂದು ಬೆಳಗ್ಗೆ ಯಾರೋ ಬಿಳಿಯ ಹುಡುಗ ಫೋನಿಗೆ ಟಾಪ್ ಅಪ್ ಕೇಳಿ ಬಂದ, ಮೆಷಿನ್ ಕೆಟ್ಟಿತ್ತು. ಹೊರಟವನನ್ನು ಬೀದಿಯ ತನಕ ಅಟ್ಟಿಸಿಕೊಂಡು ಹೋಗಿ ಒಂದು ಪೆನ್ನಿ ಕಾಸಿಗೆ ಒಂದು ಬಾಳೆಹಣ್ಣು ಮಾರಿಬಂದಳು. ಆ ಹುಡುಗ ಬಾಳೆಹಣ್ಣು ಹಿಡಿದುಕೊಂಡು ಇವಳನ್ನೇ ನೋಡುತ್ತ ನಿಂತಿದ್ದ. ಮೊದಲ ದುಡ್ಡನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಗಲ್ಲಾದ ಪಕ್ಕದ ಸಿದ್ಧರಾಮೇಶ್ವರನ ಫೋಟೋಗೆ ತಲೆಬಾಗಿ, ಆಮೇಲೆಯೇ ಪೆಟ್ಟಿಗೆಗೆ ಹಾಕುವುದು. ನಾನು ಎಷ್ಟೋ ಸಲ ಅಣಕಿಸಿದ್ದೇನೆ. ಸಿದ್ಧರಾಮೇಶ್ವರ ಯಾವ ಬ್ರ್ಯಾಂಡಮ್ಮ ಕುಡಿಯೋದು ಎಂದರೆ, ತುಟಿ ಕಚ್ಚಿ ನಕ್ಕು ಕರಿಬೇವಿನ ಕಟ್ಟಿನಿಂದ ನನ್ನ ಕೈಗೆ ಹೊಡೆಯುತ್ತಿದ್ದಳು.

ಹೆಚ್ಚುಕಡಿಮೆ ದಿನಾ ಅವಳ ಬೋಣಿ ಮಾಡುತ್ತಿದ್ದದ್ದು ಮೋರೀನ್. ಎದುರು ಸಾಲಿನಲ್ಲಿ ಒಂಟಿಯಾಗಿದ್ದ ಐರಿಷ್ ಮುದುಕಿ. ಗಂಡ ಹೋಗಿ ಬಹಳ ವರ್ಷ, ಮಗಳು ಬ್ರೆಂಡಾ ಇರುವುದು ಲಂಡನ್ನಿನ ಇನ್ನೊಂದು ತುದಿಯಲ್ಲಿ. ಬೆಳಗ್ಗೆ ಬಂದು ಪೇಪರು ಕೊಂಡು, ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂತು, ಗುರುದೇವಿ ಕೊಟ್ಟ ಚಹಾ ಕುಡಿದು ಹೋಗುವುದು ಆಕೆಯ ಪದ್ಧತಿ. ಗುರುದೇವಿ ಆಕೆಯನ್ನು ಆಯಿ ಎನ್ನುತ್ತಿದ್ದಳು, ಅವರ ಕಡೆ ಅಜ್ಜಿಗೆ ಹಾಗೆ ಕರೆಯುವುದು. ಮೋರೀನ್ ಇವಳನ್ನು ದೇವಿ ಎನ್ನುತ್ತಿದ್ದಳು. ಲಾಕ್‌ಡೌನಿನಲ್ಲಿ ಆಕೆಯ ಬಾಗಿಲಿಗೆ ಹಾಲು, ಬ್ರೆಡ್ಡು ಮುಟ್ಟಿಸಿದವಳು ಗುರುದೇವಿ. ಗುರುದೇವಿಯ ತಾಯಿ ಊರಿನಲ್ಲಿ ತೀರಿಕೊಂಡು ಇವಳಿಗೆ ಹೋಗಲಾಗದೆ ಇದ್ದಾಗ, ಅಂಗಡಿಯ ಹಿಂದಿನ ಕೋಣೆಯಲ್ಲಿ ಇವಳ ತಲೆ ಮಡಿಲಲ್ಲಿಟ್ಟುಕೊಂಡು ಕೂತವಳು ಮೋರೀನ್. ಅಂಗಡಿಯಲ್ಲಿ ಏನು ಬೇಕಾದರೂ ಕೊಳ್ಳಬಹುದು, ಇಂಥದ್ದು ಸಿಗುವುದಿಲ್ಲ.

ಇನ್ನು ಶಿಶಿರ್. ಬೆಂಗಳೂರಿನ ಹುಡುಗ, ಕಂಪ್ಯೂಟರ್ ಕೆಲಸಕ್ಕೆ ಬಂದವನು. ಅವನಪ್ಪನದು ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ. ಒಳ್ಳೆಯ ಮಾತು, ಒಳ್ಳೆಯ ನಡತೆ, ಆದರೆ ಕುಡಿತ ಹತ್ತಿತ್ತು. ಹೆಂಡತಿ ಸಿರಿಶಾ ತಡೆದು ತಡೆದು ಕೊನೆಗೆ ಮಗುವನ್ನು ಕರೆದುಕೊಂಡು ಹತ್ತಿರದ ಸ್ಟ್ಯಾನ್ಮೋರಿಗೆ ಹೋಗಿಬಿಟ್ಟಳು. ಇವನು ಕೆಂಟನ್ನಿನ ಬಾಡಿಗೆ ಕೋಣೆಯಲ್ಲಿ ಉಳಿದ. ಇವನ ಕುಡಿತ ಕೂಗಾಡುವ ಕುಡಿತವಲ್ಲ. ಕುಡಿದಷ್ಟೂ ದನಿ ಮೆತ್ತಗಾಗುತ್ತದೆ, ಮರ್ಯಾದೆ ಹೆಚ್ಚಾಗುತ್ತದೆ. ಗುರುದೇವಿ ಅವನನ್ನು ಎಷ್ಟೋ ಸಂಜೆ ವಾಪಸು ಕಳಿಸಿದ್ದಳು. ಕಳಿಸುವಾಗ ಡಬ್ಬಿಯಲ್ಲಿ ರೊಟ್ಟಿ ಪಲ್ಯ ಕೊಟ್ಟು, ಉಂಡು ಮಲಗು ತಮ್ಮಾ ಎನ್ನುತ್ತಿದ್ದಳು.

ಆ ಚಳಿಗಾಲದ ಬೆಳಗ್ಗೆ ನಡೆದದ್ದನ್ನು ಅವಳು ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಅಲ್ಲಿ ನಿಂತು ನೋಡಿದಂತಿದೆ. ಪೇಪರಿನ ವ್ಯಾನು ತಡವಾಗಿತ್ತು. ಮೋರೀನ್ ಬಂದಳು, ಪೇಪರಿರಲಿಲ್ಲ. ಮನೆಯಲ್ಲಿ ಹೀಟಿಂಗ್ ರಿಪೇರಿಯವನು ಬರುತ್ತಾನೆ, ಅವನನ್ನು ಒಳಗೆ ಬಿಟ್ಟು ಆಮೇಲೆ ಬರುತ್ತೇನೆ, ಚಹಾ ಇಟ್ಟಿರು ಎಂದು ಹೊರಟುಹೋದಳು. ಏನೂ ಕೊಳ್ಳಲಿಲ್ಲ. ಬೋಣಿ ಆಗಲಿಲ್ಲ. ಅವಳ ಹಿಂದೆಯೇ ಶಿಶಿರ್ ಬಂದ. ಕೋಟು ಇಸ್ತ್ರಿ ಮಾಡಿದ್ದು, ತಲೆ ಬಾಚಿದ್ದು, ನಡಿಗೆ ನೆಟ್ಟಗೆ. ಆದರೆ ಗಲ್ಲಾದ ಹತ್ತಿರ ಬಂದಾಗ ಹಿಂದಿನ ರಾತ್ರಿ ಕುಡಿದದ್ದೆಲ್ಲ ಗಬ್ಬೆಂದು ಮೂಗಿಗೆ ಹೊಡೆಯಿತು. ಸಣ್ಣ ಬಾಟಲಿ ವೋಡ್ಕಾ ಕೇಳಿದ. ಇವಳು ಆಗುವುದಿಲ್ಲ ಎಂದಳು. ಆದರೂ ಬೋಣಿಯ ಹೊತ್ತು ನೋಡಿ, ಹಾಲು ತಗೋ ಎಂದು ಮುಂದಿಟ್ಟಳು, ಬ್ರೆಡ್ಡು ಮುಂದಿಟ್ಟಳು, ಒಂದು ಪ್ಯಾಕೆಟ್ ಬಿಸ್ಕತ್ತನ್ನಾದರೂ ತಗೋ ಎಂದಳು. ಅವನು ಎಲ್ಲವನ್ನೂ ಮೆಲ್ಲಗೆ ಪಕ್ಕಕ್ಕೆ ಸರಿಸಿ, ನೋಟನ್ನು ಗಲ್ಲಾದ ಮೇಲಿಟ್ಟ.

"ಆಂಟಿ, ಬೋಣಿ ಇನ್ನೂ ಆಗಿಲ್ಲ ಅಲ್ವಾ? ನಮ್ಮಪ್ಪ ಮೊದಲ ಗಿರಾಕೀನ ಯಾವತ್ತೂ ಬರಿಗೈಲಿ ಕಳಿಸಿದೋರಲ್ಲ. ನೀವು ನನ್ನ ಕಳಿಸ್ತೀರಾ?"

ಯಾವ ಇಂಗ್ಲಿಷಿನವನು ಎಷ್ಟು ಗೋಗರೆದರೂ ಸಿಗದಿದ್ದ ಬಾಟಲಿ ಆ ಒಂದು ಮಾತಿಗೆ ಸಿಕ್ಕಿತು. ನಡೆದು ಬಂದಿದ್ದಾನೆ, ನಡೆದೇ ಕೋಣೆಗೆ ಹೋಗುತ್ತಾನೆ ಎಂದುಕೊಂಡು ಕೊಟ್ಟುಬಿಟ್ಟಳು. ಯಾವಾಗಲೂ ನಡೆದೇ ಬರುತ್ತಿದ್ದವನು ಅವನು. ಆದರೆ ಅವತ್ತು ಅವನ ಮಗುವಿನ ಹುಟ್ಟುಹಬ್ಬ, ಕಾರು ಪಕ್ಕದ ಬೀದಿಯಲ್ಲಿತ್ತು. ಸ್ಟ್ಯಾನ್ಮೋರಿಗೆ ಹೊರಟಿದ್ದ. ಧೈರ್ಯಕ್ಕೆ ಕಾರಿನಲ್ಲಿ ಕೂತು ಅಷ್ಟೂ ಕುಡಿದು, ಗಾಡಿ ತೆಗೆದ. ತಿರುವಿನ ಆಚೆ ಜೀಬ್ರಾ ಕ್ರಾಸಿಂಗಿನಲ್ಲಿ ಮೋರೀನ್ ಪೇಪರಿಗೆಂದು ರಸ್ತೆ ದಾಟುತ್ತಿದ್ದಳು.

ಗುರುದೇವಿ ಚಹಾ ಇಟ್ಟುಕೊಂಡು ಕಾದಳು. ಆಂಬುಲೆನ್ಸ್ ಸದ್ದು ಕೇಳಿತು, ಯಾರಿಗೋ ಏನೋ ಪಾಪ ಎಂದುಕೊಂಡಳು. ಮಧ್ಯಾಹ್ನ ಪೊಲೀಸರು ಬಂದು ಕ್ಯಾಮೆರಾದ ವಿಡಿಯೋ ಕೇಳಿದಾಗಲೇ ಗೊತ್ತಾದದ್ದು, ಕಾರಿನಲ್ಲಿ ಸಿಕ್ಕ ಖಾಲಿ ಬಾಟಲಿ ಯಾವ ಅಂಗಡಿಯದು, ಬಿದ್ದವಳು ಯಾರು ಎಂದು. ಮೋರೀನಳ ತೊಡೆಯ ಮೂಳೆ ಮುರಿದಿತ್ತು, ತಲೆಗೂ ಪೆಟ್ಟು. ಜೀವ ಇತ್ತು.

ಪೊಲೀಸರು ಅತ್ತ ಹೋಗುತ್ತಿದ್ದಂತೆ ಇವಳು ಕಾರ್ಡಿಗನ್ ಮೇಲೆ ಕೋಟು ಹಾಕಿ ಆಸ್ಪತ್ರೆಗೆ ಹೊರಟಳು. ನಾನು ಆಗ ಅಂಗಡಿಯಲ್ಲೇ ಇದ್ದೆ. ಎಲ್ಲಿಗಮ್ಮ ಎಂದೆ.

"ನನ್ನ ಕೈಯಿಂದ ಕೊಟ್ಟೀನ್ರಿ ಅಕ್ಕಾರ. ಆಯಿಗೆ ನಾನs ಹೋಗಿ ಹೇಳಬೇಕ್ರಿ. ಮಂದಿ ಬಾಯಿಂದ ಕೇಳಬಾರದು."

ಅಷ್ಟು ಹೊತ್ತಿಗೆ ನಿತೀಶ ಬಂದ. ಕಲ್ಲಯ್ಯನವರ ತಂಗಿಯ ಮಗ, ಅಂಗಡಿಯ ವ್ಯವಹಾರವೆಲ್ಲ ನೋಡುತ್ತಿದ್ದವನು. ಬಾಗಿಲಿಗೆ ಅಡ್ಡ ನಿಂತು, ಮೊದಲು ವಕೀಲರನ್ನು ಕೇಳೋಣ ಅತ್ತಿ ಎಂದ. ಹಾಗಾಗಿ ಆಸ್ಪತ್ರೆಗೆ ಹೋಗಬೇಕಾದವಳು ಮಾರನೆಯ ದಿನ ಹ್ಯಾರೋದ ವಕೀಲ ಮುಕುಂದನ ಆಫೀಸಿಗೆ ಹೋದಳು. ಕಲ್ಲಯ್ಯನವರು, ನಿತೀಶನ ಜೊತೆ ನಾನೂ ಹೋದೆ. ಮುಕುಂದ ನಮ್ಮವನೇ, ಧಾರವಾಡದವರ ಮಗ, ಇಲ್ಲೇ ಹುಟ್ಟಿದವನು. ಅವನು ಬಿಡಿಸಿ ಹೇಳಿದ. ಅಮೆರಿಕದ ಕೆಲವು ಕಡೆ ಕುಡಿದವನು ಆಮೇಲೆ ಮಾಡಿದ ಅನಾಹುತಕ್ಕೆ ಮಾರಿದವರೂ ಹೊಣೆ. ಈ ದೇಶದಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಗಾಡಿ ಓಡಿಸಿದವನು ಶಿಶಿರ್, ಗುದ್ದಿದವನು ಶಿಶಿರ್, ಜೈಲು ಅವನಿಗೆ. ಆದರೆ ಅಮಲಿನಲ್ಲಿದ್ದವನಿಗೆ ಮಾರಿದ್ದು ಬೇರೆಯ ತಪ್ಪು, ಅದು ಗುರುದೇವಿಯದು. ಅಂಗಡಿಯ ಲೈಸೆನ್ಸನ್ನು ಮತ್ತೆ ಪರಿಶೀಲಿಸಿ ಎಂದು ಪೊಲೀಸರು ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಗೆ, ಕೇಳುತ್ತಾರೆ, ವಿಚಾರಣೆ ನಡೆಯುತ್ತದೆ, ಲೈಸೆನ್ಸ್ ಹೋಗಲೂಬಹುದು. ಹೋದರೆ ಅಂಗಡಿ ಇಲ್ಲ. ಅಂಗಡಿ ಇಲ್ಲದಿದ್ದರೆ ಮೇಲಿನ ಮನೆಯೂ ಇಲ್ಲ.

ಗುರುದೇವಿ ಅದನ್ನೆಲ್ಲ ಕೇಳಿಸಿಕೊಂಡಳೋ ಇಲ್ಲವೋ. ಎಲ್ಲ ಮುಗಿದ ಮೇಲೆ, ಆಯಿಯನ್ನು ಯಾವಾಗ ನೋಡಬಹುದು ಎಂದು ಕೇಳಿದಳು. ಮುಕುಂದ ಪೆನ್ನು ಕೆಳಗಿಟ್ಟ. ವಿಚಾರಣೆ ಮುಗಿಯುವ ತನಕ ಆಕೆಯ ಹತ್ತಿರವಾಗಲಿ, ಮಗಳ ಹತ್ತಿರವಾಗಲಿ ಹೋಗಬಾರದು, ಫೋನು ಮಾಡಬಾರದು, ಕಾರ್ಡು ಕಳಿಸಬಾರದು ಎಂದ. ಅವನು ಕುಡಿದಿದ್ದು ಗೊತ್ತಿತ್ತು, ಆದರೂ ಕೊಟ್ಟೆ ಎಂದು ನೀವು ಆ ಹಾಸಿಗೆಯ ಪಕ್ಕ ಅಂದರೆ, ಅದೇ ಮಾತನ್ನು ಅವರು ಬಂದು ಕೌನ್ಸಿಲಿನಲ್ಲಿ ಹೇಳುತ್ತಾರೆ. ಅಲ್ಲಿಗೆ ಮುಗಿಯಿತು ಎಂದು ವಿವರಿಸಿದ.

"ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅತ್ತಿ. ಸ್ವಲ್ಪ ದಿನ ಬಾಯಿ ಮುಚ್ಕೊಂಡು ಇರ್ರಿ" ಎಂದ ನಿತೀಶ.

ನನಗೆ ಮೈಯೆಲ್ಲ ಉರಿಯಿತು. ತಪ್ಪು ಮಾಡಿದವಳು ತಪ್ಪಾಯಿತು ಅಂದರೆ ತಪ್ಪು ಹೆಚ್ಚಾಗುತ್ತದಂತೆ. ಇದೆಂಥ ನ್ಯಾಯವೋ! ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮುಕುಂದ ತಾಳ್ಮೆಯಿಂದ ಕೇಳಿಸಿಕೊಂಡ, ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದೇ ಕಷ್ಟ. ಹೊರಗೆ ಬಂದು ಕಲ್ಲಯ್ಯನವರ ಮುಖ ನೋಡಿದೆ. ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ್ದರು. ಅವರ ತೋಳು ಹಿಡಿದು ಕಾರಿಗೆ ಹತ್ತಿಸಿದೆ.

ಕಾಯುವುದು ಶುರುವಾಯಿತು. ಕೌನ್ಸಿಲಿನವರು ಕೊಟ್ಟ ತಾರೀಖನ್ನು ಅವರೇ ಮುಂದೂಡಿದರು, ಆಮೇಲೆ ಇನ್ನೊಮ್ಮೆ ಮುಂದೂಡಿದರು. ಕನ್ನಡದವರ ವಾಟ್ಸ್ಆಪ್ ಗುಂಪಿನಲ್ಲಿ ಮಾತ್ರ ದಿನಾ ವಿಚಾರಣೆ. ಕುಡಿದವನದೇ ತಪ್ಪು ಎಂದು ಕೆಲವರು, ಕೊಟ್ಟವಳದೂ ತಪ್ಪು ಎಂದು ಕೆಲವರು, ಬಿಟ್ಟುಹೋದ ಹೆಂಡತಿಯದೇ ಮೊದಲ ತಪ್ಪು ಎಂದು ಒಬ್ಬ ಮಹಾನುಭಾವ. ಸ್ಟ್ಯಾನ್ಮೋರಿನ ದೊಡ್ಡ ಮನೆಗಳಲ್ಲಿ ಶನಿವಾರ ರಾತ್ರಿ ಯಾರು ಯಾರಿಗೆ ಎಷ್ಟೆಷ್ಟು ಸುರಿದು ಕಾರಿನಲ್ಲಿ ಕಳಿಸುತ್ತಾರೆ ಎಂಬುದು ನನಗೆ ಗೊತ್ತು. ಅದನ್ನೇ ಅಲ್ಲಿ ಬರೆದೆ. ಗುಂಪಿನಿಂದ ನನ್ನನ್ನು ತೆಗೆದುಹಾಕಿದರು.

ಗುರುದೇವಿ ಸೊರಗುತ್ತ ಬಂದಳು. ಬೆಳಗ್ಗೆ ಬಾಗಿಲು ತೆಗೆಯುವುದನ್ನು ಗಂಡನಿಗೆ ಬಿಟ್ಟಳು. ಬೆಳಗಿನ ಚಹಾ ಮಾಡುವುದನ್ನೇ ನಿಲ್ಲಿಸಿದಳು. ಸ್ಟೂಲನ್ನು ಹಿಂದಿನ ಕೋಣೆಗೆ ಹಾಕಿದಳು, ಮತ್ತೆ ತಂದಿಟ್ಟಳು. ಒಂದು ದಿನ ಶೇಂಗಾ ಹೋಳಿಗೆ ಮಾಡಿ, ಯಾರಿಗೂ ಹೇಳದೆ ಬಸ್ಸು ಹತ್ತಿ ಆಸ್ಪತ್ರೆಯ ಗೇಟಿನ ತನಕ ಹೋಗಿದ್ದಳು. ಒಳಗೆ ಕಾಲಿಟ್ಟರೆ ಗಂಡ ಬೀದಿಗೆ ಬೀಳುತ್ತಾನೆ, ಇಡದಿದ್ದರೆ ಆಯಿ ಒಬ್ಬಳೇ ಬಿದ್ದಿದ್ದಾಳೆ. ಅಲ್ಲೇ ಬಸ್ ಸ್ಟಾಪಿನಲ್ಲಿ ಕೂತು ಕತ್ತಲಾದ ಮೇಲೆ ವಾಪಸಾದಳು. ಹೋಳಿಗೆ ನನ್ನ ಕೈಗೆ ಕೊಟ್ಟಳು. ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪ ಎಂದು ಗಾದೆ ಹೇಳುತ್ತೇವಲ್ಲ, ಅದನ್ನು ಬಾಯಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಬದುಕುವುದನ್ನು ನಾನು ಆ ಹೆಂಗಸಿನಲ್ಲಿ ನೋಡಿದೆ.

ನಾನು ಹೋಗಿ ಹೇಳಿಬರುತ್ತೇನೆ, ನನ್ನನ್ನು ಯಾವ ಕೌನ್ಸಿಲು ಏನು ಮಾಡುತ್ತದೆ ಎಂದೆ. ಬೇಡ ಎಂದಳು.

"ನೀವು ಹೇಳಿದ್ರ ಅದು ಸುದ್ದಿ ಆಕ್ಕೈತ್ರಿ. ನಾ ಹೇಳಿದ್ರ ತಪ್ಪೊಪ್ಪಿಗಿ ಆಕ್ಕೈತಿ. ವಿಚಾರಣೆ ಮುಗೀಲಿ, ಅವತ್ತs ಹೋಗ್ತೀನಿ. ಆಯಿ ಬೈದ್ರ ಬೈಲಿ. ಆಕಿ ಬೈಗುಳ ನನಗ ಬೇಕಾಗೈತ್ರಿ."

ಕೊನೆಗೂ ಆ ದಿನ ಬಂತು. ಕೌನ್ಸಿಲ್ ಕಟ್ಟಡದ ಒಂದು ಕೋಣೆ, ಉದ್ದನೆಯ ಮೇಜು, ಅದರ ಹಿಂದೆ ಮೂವರು ಕೌನ್ಸಿಲರುಗಳು. ಒಂದು ಪಕ್ಕ ಪೊಲೀಸ್ ಅಧಿಕಾರಿ, ಇನ್ನೊಂದು ಪಕ್ಕ ನಾವು. ಹಿಂದಿನ ಸಾಲಿನಲ್ಲಿ ಬ್ರೆಂಡಾ, ಕೋಟು ಕೂಡ ತೆಗೆಯದೆ ಕೂತಿದ್ದಳು. ಗುರುದೇವಿ ಬಂದಾಗಿನಿಂದ ತಿರುತಿರುಗಿ ಅವಳನ್ನೇ ನೋಡುತ್ತಿದ್ದಳು, ಅವಳು ಇತ್ತ ನೋಡಲಿಲ್ಲ.

ವಿಡಿಯೋ ಹಾಕಿದರು. ಸದ್ದಿಲ್ಲದ ಚಿತ್ರ. ಶಿಶಿರ್ ನೆಟ್ಟಗೆ ನಡೆದು ಬರುತ್ತಾನೆ. ಗುರುದೇವಿ ಹಾಲು ಮುಂದಿಡುತ್ತಾಳೆ, ಬ್ರೆಡ್ಡು ಮುಂದಿಡುತ್ತಾಳೆ. ಅವನೇನೋ ಹೇಳುತ್ತಾನೆ. ಅವಳು ತಿರುಗಿ ಬಾಟಲಿ ತೆಗೆದು ಕೊಡುತ್ತಾಳೆ. ನೋಟನ್ನು ಎತ್ತಿ ಒಂದು ಕಣ್ಣಿಗೆ, ಇನ್ನೊಂದು ಕಣ್ಣಿಗೆ ಒತ್ತಿಕೊಂಡು ತಲೆ ಬಾಗಿಸುತ್ತಾಳೆ. ಪೊಲೀಸ್ ಅಧಿಕಾರಿ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದ. ಮಾರಾಟವಾದದ್ದಕ್ಕೆ ಅಂಗಡಿಯವರಿಗೆ ಎಷ್ಟು ಸಂತೋಷವಾಗಿದೆ ಎಂಬುದನ್ನು ಸಮಿತಿ ಗಮನಿಸಬೇಕು ಎಂದ. ಹಿಂದಿನಿಂದ ಬ್ರೆಂಡಾ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ಎದ್ದು ಆ ಅಧಿಕಾರಿಯ ಕೈಯಿಂದ ರಿಮೋಟ್ ಕಿತ್ತುಕೊಳ್ಳಬೇಕು ಎನಿಸಿತು, ಕೂತೇ ಇದ್ದೆ.

ಮುಕುಂದ ಚೆನ್ನಾಗಿ ವಾದ ಮಾಡಿದ. ಅದು ಅವರ ಸಂಪ್ರದಾಯ, ದಿನದ ಮೊದಲ ದುಡ್ಡಿಗೆ ಹಾಗೆ ಮಾಡುತ್ತಾರೆ, ಒಂದು ಸೇಬು ಮಾರಿದ್ದರೂ ಹಾಗೇ ಮಾಡುತ್ತಿದ್ದರು ಎಂದ. ಗಿರಾಕಿ ತೂರಾಡಲಿಲ್ಲ, ತೊದಲಲಿಲ್ಲ, ವಿಡಿಯೋದಲ್ಲಿ ಕುಡಿದವನ ಹಾಗೆ ಕಾಣುವುದೇ ಇಲ್ಲ ಎಂದ. ಇಷ್ಟು ವರ್ಷಗಳಲ್ಲಿ ಅಂಗಡಿಯ ಮೇಲೆ ಒಂದು ದೂರಿಲ್ಲ ಎಂದ. ಪ್ರತಿಯೊಂದೂ ನಿಜ. ಆದರೆ ಇಷ್ಟೆಲ್ಲ ನಿಜಗಳನ್ನು ಜೋಡಿಸಿದ್ದು ಒಂದು ನಿಜವನ್ನು ಮರೆಮಾಡುವುದಕ್ಕೆ, ಆ ನಿಜ ನನ್ನ ಪಕ್ಕದಲ್ಲೇ ಕೂತು ಸೆರಗಿನ ತುದಿಯನ್ನು ಹಿಂಡುತ್ತಿತ್ತು.

ಕೊನೆಯಲ್ಲಿ ಅಧ್ಯಕ್ಷೆ, ನೀವೇನಾದರೂ ಹೇಳುವುದಿದೆಯೇ ಎಂದು ಗುರುದೇವಿಯನ್ನೇ ಕೇಳಿದಳು. ಇವಳು ಎದ್ದು ನಿಂತಳು. ಬ್ರೆಂಡಾಳ ಕಡೆ ಪೂರ್ತಿ ತಿರುಗಿದಳು. ಮುಕುಂದ ಅವಳ ತೋಳಿನ ಮೇಲೆ ಮೆಲ್ಲಗೆ ಕೈಯಿಟ್ಟ. ಅತ್ತ ಕಲ್ಲಯ್ಯನವರು ತಲೆ ಎತ್ತಲಿಲ್ಲ, ನೆಲ ನೋಡುತ್ತಿದ್ದರು. ಗುರುದೇವಿ ಗಂಡನ ಬೋಳುತಲೆಯನ್ನು ಸ್ವಲ್ಪ ಹೊತ್ತು ನೋಡಿ, "ನೋ, ಮೇಡಮ್" ಎಂದು ಕೂತುಬಿಟ್ಟಳು.

ಸಮಿತಿಯವರು ಒಳಗೆ ಹೋಗಿ ಮಾತಾಡಿಕೊಂಡು ಬಂದರು. ಲೈಸೆನ್ಸ್ ಉಳಿಯಿತು. ಮಧ್ಯಾಹ್ನಕ್ಕೆ ಮುಂಚೆ ಹೆಂಡ ಮಾರಕೂಡದು, ಇನ್ನು ಮೇಲೆ ಅಂಗಡಿಯ ಉಸ್ತುವಾರಿ ಅಷ್ಟರಲ್ಲಿ ತಾನೂ ಆ ಪರೀಕ್ಷೆ ಪಾಸಾಗಿದ್ದ ನಿತೀಶನದು, ಗುರುದೇವಿ ಬಾಟಲಿ ಮಾರುವಂತಿಲ್ಲ. ಇಷ್ಟೇ. ನಿತೀಶ ಗೆದ್ದೆವು ಎಂದು ಮುಕುಂದನ ಕೈ ಕುಲುಕಿ ಊರಿಗೆ ಫೋನು ಹಚ್ಚಿದ. ಕಲ್ಲಯ್ಯನವರು ಕಣ್ಣೊರೆಸಿಕೊಂಡರು. ಗುರುದೇವಿ ಮುಕುಂದನನ್ನು ಕೇಳಿದ್ದು ಒಂದೇ, ಈಗ ನಾನು ಹೋಗಬಹುದಲ್ಲ ಎಂದು. ಅವನು ಹೂಂ ಎಂದದ್ದೇ ತಡ, ಬ್ರೆಂಡಾ ಲಿಫ್ಟಿನ ಹತ್ತಿರ ಹೋಗುವಷ್ಟರಲ್ಲಿ ಸೀರೆ ಎತ್ತಿ ಹಿಡಿದು ಓಡಿದಳು. ನಾನು ಹಿಂದೆಯೇ ಹೋದೆ.

ಆಯಿಯನ್ನು ನೋಡಬೇಕು, ಯಾವ ವಾರ್ಡು ಹೇಳು ಎಂದು ಕೇಳಿದಳು. ಬ್ರೆಂಡಾ ಮೊದಲ ಸಲ ಇವಳ ಮುಖ ನೋಡಿದಳು. ಅಮ್ಮ ಆಸ್ಪತ್ರೆಯಲ್ಲಿಲ್ಲ, ಹ್ಯಾರೋದಲ್ಲಿ ಮುದುಕರನ್ನು ನೋಡಿಕೊಳ್ಳುವ ಒಂದು ಕೇರ್ ಹೋಮಿನಲ್ಲಿದ್ದಾಳೆ ಎಂದು ಅದರ ಹೆಸರು ಹೇಳಿದಳು. ಮೂಳೆ ಕೂಡುತ್ತಿತ್ತು, ಚೇತರಿಸಿಕೊಳ್ಳುತ್ತಿದ್ದಳು, ಅಷ್ಟರಲ್ಲಿ ಎದೆಗೆ ಸೋಂಕು ತಗುಲಿತು, ಅದರ ಹಿಂದೆ ಸ್ಟ್ರೋಕ್ ಆಯಿತು. ಈಗ ಮಾತು ಚೆನ್ನಾಗಿಯೇ ಆಡುತ್ತಾಳೆ, ಆದರೆ ಯಾರ ಗುರುತೂ ಇಲ್ಲ, ತನ್ನ ಗುರುತೂ ಇಲ್ಲ. ಆಮೇಲೆ ದನಿ ಎತ್ತರಿಸದೆ ಹೇಳಿದಳು:

"ಬಾಟಲಿ ಎಲ್ಲಿಯದು ಅಂತ ನಾನು ಅಮ್ಮನಿಗೆ ಹೇಳಲೇ ಇಲ್ಲ. ನಿನ್ನನ್ನು ಕಂಡರೆ ಅವಳಿಗೆ ಅಷ್ಟು ಇಷ್ಟ ಇತ್ತು. ಬುದ್ಧಿ ನೆಟ್ಟಗಿದ್ದ ಅಷ್ಟೂ ದಿನ ಒಂದೇ ಕೇಳುತ್ತಿದ್ದಳು, ದೇವಿ ಯಾಕೆ ಬರಲಿಲ್ಲ, ನಾನೇನಾದರೂ ಅಂದು ಅವಳ ಮನಸ್ಸು ನೋಯಿಸಿದೆನಾ ಅಂತ."

ಲಿಫ್ಟು ಬಂತು, ಬ್ರೆಂಡಾ ಹೋದಳು. ಗುರುದೇವಿ ಅಲ್ಲೇ ಗೋಡೆ ಹಿಡಿದು ಕೂತಳು. ನಾನೂ ಅವಳ ಪಕ್ಕ ನೆಲದ ಮೇಲೆ ಕೂತೆ. ಕೆಳಗೆ ನಿತೀಶ ಸ್ವೀಟು ತರಲು ಹೋಗಿದ್ದ.

ಆದರೂ ಹೋಗಲೇಬೇಕು ಎಂದಳು. ಅದೇ ಸಂಜೆ ನನ್ನ ಕಾರಿನಲ್ಲಿ ಕರೆದುಕೊಂಡು ಹೋದೆ. ಮೋರೀನ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದಳು. ಅರ್ಧಕ್ಕರ್ಧ ಕರಗಿದ್ದಳು, ತಲೆ ಮಾತ್ರ ಯಾರೋ ನೀಟಾಗಿ ಬಾಚಿದ್ದರು. ನಮ್ಮನ್ನು ನೋಡಿ ನಕ್ಕಳು, ಯಾರು ಬಂದರೂ ನಗುತ್ತಾರೆ ಎಂದಳು ನರ್ಸು. ಗುರುದೇವಿ ನೆಲದ ಮೇಲೆ ಕೂತು ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗಲ್ಲಾದಲ್ಲಿ ಕಲಿತ ತನ್ನ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಪೇಪರು ತಡವಾದದ್ದು, ಬೋಣಿ ಆಗದಿದ್ದದ್ದು, ಹುಡುಗ ಬಂದದ್ದು. ಅವನು ಕುಡಿದಿದ್ದ, ನನಗೆ ಗೊತ್ತಿತ್ತು, ಗೊತ್ತಿದ್ದೂ ಕೊಟ್ಟೆ ಎಂದಳು. ಅವನು ಕಾರಿನಲ್ಲಿ ಹೋಗಿ, ರಸ್ತೆ ದಾಟುತ್ತಿದ್ದ ನನ್ನ ಆಯಿಗೆ ಗುದ್ದಿದ ಎಂದಳು. ಬರಬೇಕೆಂದು ಎಷ್ಟು ಒದ್ದಾಡಿದೆ, ಅಂಗಡಿ ಉಳಿಸಿಕೊಳ್ಳಲು ಬರಲಿಲ್ಲ, ನನ್ನ ಮೇಲೆ ಸಿಟ್ಟು ಮಾಡು ಎಂದಳು. ತಿಂಗಳುಗಟ್ಟಲೆ ತಡೆದಿಟ್ಟದ್ದು ಒಂದು ಮಾತೂ ಉಳಿಯದೆ ಹೊರಗೆ ಬಂತು.

ಮೋರೀನ್ ಎಲ್ಲವನ್ನೂ ಕೇಳಿಸಿಕೊಂಡಳು. ನಡುವೆ ನಿಜವಾಗಿಯೂ ಮರುಗಿ, ಅಯ್ಯೋ ಎಂದಳು. ಅವಳ ಕಣ್ಣಲ್ಲೂ ನೀರು ಬಂತು. ಗುರುದೇವಿಯ ಕೆನ್ನೆಯನ್ನು ಹೆಬ್ಬೆರಳಿನಿಂದ ಒರೆಸಿದಳು.

"ಅಳಬೇಡ ಮಗು" ಎಂದಳು. "ನೀನು ಒಳ್ಳೆಯವಳು, ನೋಡಿದರೇ ಗೊತ್ತಾಗುತ್ತೆ. ಆದರೆ ಇದನ್ನೆಲ್ಲ ನನಗೆ ಹೇಳಿದರೆ ಏನು ಬಂತು? ಆ ಹೆಂಗಸಿನ ಹತ್ತಿರ ಹೋಗಿ ಹೇಳು. ಪಾಪ, ನಿನ್ನ ದಾರಿ ಕಾಯ್ತಾ ಇರ್ತಾಳೆ."